ಬ್ಯಾಂಕಾಕ್‌ನ ಎಲೆಪೇಟೆಯಲ್ಲಿ

ಎಕ್ಕಮಾಯ್ ಸ್ಟೇಷನ್ನಿನ ಮೆಟ್ಟಿಲು ಇಳಿದರೆ ಪಕ್ಕದಲ್ಲೇ ಸೋಯ್ 63. ಸೋಯ್ ಅಂದರೆ ದೊಡ್ಡ ರಸ್ತೆಯಿಂದ ಒಳಗೆ ಕವಲೊಡೆಯುವ ಬೀದಿ. ಅದು ಶುರುವಾಗುವ ಜಾಗಕ್ಕೆ ಥಾಯ್ ಭಾಷೆಯಲ್ಲಿ ‘ಪಾಕ್ ಸೋಯ್’ ಅನ್ನುತ್ತಾರೆ, ಅಂದರೆ ಸೋಯ್‌ನ ಬಾಯಿ. ಅಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಏಳೆಂಟು ಜನ ಬೈಕು ನಿಲ್ಲಿಸಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಜಾಕೆಟ್ಟಿನ ಬೆನ್ನ ಮೇಲೆ ನಂಬರು. ಇವರು ‘ವಿನ್’ಗಳು, ಬೈಕ್ ಟ್ಯಾಕ್ಸಿಯವರು. ಮೊದಲ ಸಂಜೆ ನಾನು ಅವರೆದುರು ನಿಂತು “ಎಕ್ಸ್‌ಕ್ಯೂಸ್ ಮೀ” ಅಂದೆ. ಯಾರೂ ತಲೆ ಎತ್ತಲಿಲ್ಲ. ನನ್ನ ಹಿಂದೆ ಬ್ಯಾಗು ಹೊತ್ತು ನಿಂತಿದ್ದ ಗೆಳತಿ ಮೆಲ್ಲಗೆ “ಪೀ ಖಾ” ಅಂದಳು. ಸರದಿಯಲ್ಲಿ ಮುಂದಿದ್ದ ಇಬ್ಬರು ತಟ್ಟನೆ ಎದ್ದು ಹೆಲ್ಮೆಟ್ ಚಾಚಿದರು.

“ಪೀ ಅಂದರೆ ಅಕ್ಕ. ಅಣ್ಣನಿಗೂ ಅದೇ ಪದ,” ಅಂತ ಮನೆ ತಲುಪಿದ ಮೇಲೆ ವಿವರಿಸಿದಳು. “ನಿನಗಿಂತ ಸ್ವಲ್ಪ ದೊಡ್ಡವರು ಅನ್ನಿಸಿದರೆ ಪೀ. ಚಿಕ್ಕವರಾದರೆ ನೋಂಗ್. ಕೊನೆಗೊಂದು ಖಾ ಹಾಕು, ನಿಮ್ಮ ‘ರೀ’ ಇದೆಯಲ್ಲ, ಹಾಗೆ. ಗಂಡಸರು ಮಾತಾಡುವಾಗ ಖಾ ಬದಲು ಖ್ರಪ್ ಅನ್ನುತ್ತಾರೆ.” ಪೀ ಅನ್ನುವಾಗ ದನಿ ಮೇಲಿಂದ ಕೆಳಗೆ ಇಳಿಯಬೇಕಂತೆ. ಕೆಳಗಿಂದ ಮೇಲೆ ಏರಿದರೆ ಅದು ದೆವ್ವ ಅನ್ನುವ ಪದವಾಗುತ್ತದೆ. ಆ ರಾತ್ರಿ ಮಲಗುವ ತನಕ ಇಳಿಸಿ ಇಳಿಸಿ ಹೇಳಿ ರೂಢಿ ಮಾಡಿಕೊಂಡೆ.

ಈ ಗೆಳತಿ ಮೈಸೂರಿನಲ್ಲಿ ಎರಡು ವರ್ಷ ಎಂ.ಎ. ಓದಿದವಳು. ಹಾಸ್ಟೆಲ್‌ನಲ್ಲಿ ನನ್ನ ಪಕ್ಕದ ರೂಮು. ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ರಜೆಯಲ್ಲಿ ಎರಡು ಸಲ ಶಿರಸಿ ಹತ್ತಿರದ ನಮ್ಮೂರಿಗೂ ಬಂದಿದ್ದಳು. ನನ್ನ ಅಮ್ಮನನ್ನು ‘ಅಮ್ಮ’ ಅಂತಲೇ ಕರೆಯುತ್ತಿದ್ದಳು. ಅಡಿಕೆ ತೋಟದಲ್ಲಿ ನಿಂತು, ಮರಕ್ಕೆ ಹಬ್ಬಿದ ವೀಳ್ಯದ ಬಳ್ಳಿ ನೋಡಿ, “ಇದನ್ನ ನಮ್ಮಜ್ಜಿಗೆ ತೋರಿಸಬೇಕು” ಅಂತ ಫೋಟೋ ಮೇಲೆ ಫೋಟೋ ತೆಗೆದಿದ್ದಳು. ಆಗ ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಾಕಿಕೊಂಡಿರಲಿಲ್ಲ. ಬ್ಯಾಂಕಾಕ್‌ನಲ್ಲಿ ನಾನಿದ್ದ ಹನ್ನೊಂದು ದಿನವೂ ಅವಳನ್ನು ಪೀ ಅಂತಲೇ ಕರೆದೆ. ಇಲ್ಲೂ ಹಾಗೇ ಬರೆಯುತ್ತೇನೆ.

ಅಪರಿಚಿತರನ್ನು ಅಕ್ಕ, ಅಣ್ಣ ಅನ್ನುವುದು ನಮಗೆ ಹೊಸದಲ್ಲ. ಆದರೆ ಥಾಯ್‌ನವರ ಲೆಕ್ಕ ಇನ್ನೂ ಹತ್ತಿರದ್ದು ಅಂತ ಆಮೇಲೆ ಗೊತ್ತಾಯಿತು. ಅಪ್ಪ ಅಥವಾ ಅಮ್ಮನ ಅಕ್ಕನಿಗೆ ‘ಪಾ’ ಅನ್ನುತ್ತಾರೆ. ಅಮ್ಮನ ಅಕ್ಕನಾದರೆ ನಮ್ಮ ದೊಡ್ಡಮ್ಮ. ಅಪ್ಪ ಅಮ್ಮನ ಅಣ್ಣನಿಗೆ ‘ಲುಂಗ್’. ಅಮ್ಮನ ತಂಗಿ, ತಮ್ಮಂದಿರು ‘ನಾ’. ಅಮ್ಮನ ಅಮ್ಮ ‘ಯಾಯ್’. ಇವೆಲ್ಲ ಮನೆಯೊಳಗೆ ಮಾತ್ರ ಅಲ್ಲ, ಬೀದಿಯಲ್ಲೂ ನಡೆಯುತ್ತವೆ. ತರಕಾರಿ ಮಾರುವವರು ಪಾ, ಟ್ಯಾಕ್ಸಿ ಓಡಿಸುವವರು ಲುಂಗ್. “ಅನುಮಾನ ಬಂದರೆ ಪೀ ಅನ್ನು. ನಲವತ್ತು ವರ್ಷದವರನ್ನ ಪಾ ಅಂದರೆ ಬೇಜಾರು ಮಾಡ್ಕೋತಾರೆ,” ಅಂತ ಎಚ್ಚರಿಸಿದ್ದಳು. ಬೆಂಗಳೂರಿನಲ್ಲಿ ಆಂಟಿ ಅನ್ನಿಸಿಕೊಂಡ ಯಾರಿಗೂ ಇದು ಅರ್ಥವಾಗುತ್ತದೆ.

ಹಗಲು ಅವಳಿಗೆ ಆಫೀಸು. ಹಾಗಾಗಿ ನಾನು ಒಬ್ಬಳೇ ತಿರುಗಬೇಕಿತ್ತು. ಪ್ರತಿ ಬೆಳಿಗ್ಗೆ ಹೊರಡುವ ಮುಂಚೆ ಒಂದೊಂದು ಪಾಠ. ಸುಖುಮ್ವಿತ್ ರಸ್ತೆಯ ಪಾಠ ಹೀಗಿತ್ತು. ರಸ್ತೆಯ ಒಂದು ಬದಿ ಬೆಸ ಸಂಖ್ಯೆಯ ಸೋಯ್‌ಗಳು, ಇನ್ನೊಂದು ಬದಿ ಸಮ ಸಂಖ್ಯೆಯವು. ಆದರೆ ಎರಡೂ ಬದಿ ತಮ್ಮ ಪಾಡಿಗೆ ಎಣಿಸಿಕೊಂಡು ಹೋಗಿವೆ. ಅದಕ್ಕೇ 63ರ ಆಚೆ ಬದಿ ಸಿಗುವುದು 42. ಹಿಂದಿನ ಸ್ಟೇಷನ್ ಥೋಂಗ್ ಲೋದಲ್ಲಿ 55ರ ಎದುರು 38. ನಂಬರು ನಂಬಿಕೊಂಡು ನಡೆದರೆ ಕಿಲೋಮೀಟರುಗಟ್ಟಲೆ ದಾರಿ ತಪ್ಪುತ್ತದೆ. ಸ್ಟೇಷನ್ ಹೆಸರು, ಆಮೇಲೆ ಯಾವ ಬದಿಯ ಸೋಯ್ ಅನ್ನುವುದು ಗೊತ್ತಿದ್ದರೆ ಸಾಕು.

ಇನ್ನೊಂದು ಪಾಠ ನನಗೆ ತುಂಬಾ ಇಷ್ಟವಾಯಿತು. “ಸಂಜೆ ನಾಲ್ಕರಿಂದ ಎಂಟರ ತನಕ ನೆಲದ ಮೇಲೆ ಇರಬೇಡ. ಮೇಲಿರು, ಇಲ್ಲ ನೀರಲ್ಲಿರು.” ಮೇಲೆ ಅಂದರೆ 1999ರ ಡಿಸೆಂಬರ್‌ನಲ್ಲಿ ಶುರುವಾದ ಸ್ಕೈಟ್ರೇನ್. ನೀರು ಅಂದರೆ ಕಾಲುವೆಯ ದೋಣಿ. ನೆಲದ ಮೇಲೆ ಇರುವುದು ‘ರೊಟ್ ತಿಟ್’. ಗಾಡಿ ಸಿಕ್ಕಿಕೊಂಡಿದೆ ಅಂತ ಅದರ ಅರ್ಥ. ನಾನು ಹೋದದ್ದು ಸೆಪ್ಟೆಂಬರ್. ಥಾಯ್ ಭಾಷೆಯಲ್ಲಿ ಆ ತಿಂಗಳ ಹೆಸರು ಕನ್ಯಾಯೊನ್, ನಮ್ಮ ಕನ್ಯಾ ರಾಶಿಯೇ. ಅಲ್ಲಿ ಜೋರು ಮಳೆಗಾಲ. ಸಂಜೆ ಮಳೆ ಬಿದ್ದರೆ ಕೆಳಗೆ ಕೆಂಪು ದೀಪಗಳ ಸಾಲು ಕದಲದೆ ನಿಂತುಬಿಡುತ್ತದೆ. ಸ್ಟೇಷನ್ನಿನ ಮೆಟ್ಟಿಲ ಮೇಲೆ ನೂರಾರು ಜನ ಸುಮ್ಮನೆ ಮಳೆ ನಿಲ್ಲುವುದನ್ನು ಕಾಯುತ್ತಾರೆ. ಒಬ್ಬರೂ ತಳ್ಳುವುದಿಲ್ಲ. ಒಂದು ದಿನ ಹಾಗೆ ಕಾಯುತ್ತಿದ್ದಾಗ ಆರು ಗಂಟೆಯಾಯಿತು. ರಾಷ್ಟ್ರಗೀತೆ ಶುರುವಾಯಿತು. ನಡೆಯುತ್ತಿದ್ದವರೆಲ್ಲ ನಿಂತಲ್ಲೇ ನಿಂತರು. ಬೆಳಿಗ್ಗೆ ಎಂಟು, ಸಂಜೆ ಆರು, ಪ್ರತಿ ದಿನ ಹೀಗೇ. ಮಳೆಯ ಸದ್ದು ಆಗ ಎಷ್ಟು ದೊಡ್ಡದಾಗಿ ಕೇಳಿಸಿತು ಅಂದರೆ, ಅಲ್ಲಿಯ ತನಕ ನಾನು ಅದನ್ನು ಕೇಳಿಸಿಕೊಂಡೇ ಇರಲಿಲ್ಲ ಅನ್ನಿಸಿತು.

ಕಾಲುವೆಯ ಬಗ್ಗೆ ಹೇಳಬೇಕು. ಸೋಯ್ 63 ಇನ್ನೊಂದು ತುದಿಯಲ್ಲಿ ಸೇನ್ ಸೇಪ್ ಕಾಲುವೆಗೆ ಹೋಗಿ ಮುಟ್ಟುತ್ತದೆ. ಮೂರನೇ ರಾಮ ರಾಜ 1837ರಲ್ಲಿ ಇದನ್ನು ತೋಡಿಸಲು ಶುರು ಮಾಡಿಸಿದ. 1840ರಲ್ಲಿ ಮುಗಿಯಿತು. ಆಗ ಕಂಬೋಡಿಯಾಕ್ಕಾಗಿ ವಿಯೆಟ್ನಾಂ ಜೊತೆ ಯುದ್ಧ ನಡೆದಿತ್ತು. ಸೈನ್ಯ, ದಿನಸಿ ಸಾಗಿಸಲು ಈ ನೀರಿನ ದಾರಿ ಬೇಕಾಗಿತ್ತು. ಈಗ ಅದರಲ್ಲಿ ಆಫೀಸಿಗೆ ಹೋಗುವವರು, ಯೂನಿಫಾರಂ ಹಾಕಿದ ಮಕ್ಕಳು, ಚೀಲ ತುಂಬ ಸೊಪ್ಪು ಹಿಡಿದ ಹೆಂಗಸರು ಓಡಾಡುತ್ತಾರೆ. ನೀರು ಕಪ್ಪು. ವಾಸನೆ ಇದೆ. ಆದರೂ ಆ ಊರಿನಲ್ಲಿ ನನಗೆ ಅತೀ ಇಷ್ಟವಾದ ಸವಾರಿ ಅದೇ.

ದೋಣಿ ಉದ್ದಕ್ಕಿದೆ. ಹಲಗೆ ಹಲಗೆಯಾಗಿ ಸೀಟು. ಕಟ್ಟೆಗೆ ಬಂದು ತಾಗಿ, ಅರೆ ನಿಮಿಷವೂ ನಿಲ್ಲದೆ ಮತ್ತೆ ಹೊರಡುತ್ತದೆ. ಅಷ್ಟರಲ್ಲಿ ಇಳಿಯುವವರು ಇಳಿದು ಹತ್ತುವವರು ಹತ್ತಬೇಕು. ಹೆಲ್ಮೆಟ್ ಹಾಕಿದ ಕಂಡಕ್ಟರು ದೋಣಿಯ ಹೊರ ಅಂಚಿನ ಮೇಲೆ, ಅಂಗೈಯಗಲದ ಜಾಗದಲ್ಲಿ ನಡೆಯುತ್ತಾ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ದುಡ್ಡು ಹಿಡಿದು ಟಿಕೆಟ್ ಹರಿಯುತ್ತಾಳೆ. ಸೇತುವೆ ತಗ್ಗಾಗಿದ್ದಲ್ಲಿ ದೋಣಿಯ ಚಾವಣಿಯೇ ಕೆಳಗೆ ಇಳಿಯುತ್ತದೆ. ಅವಳು ಬಗ್ಗಿ, ಎದ್ದು, ಮತ್ತೆ ಮುಂದಿನವರ ಹತ್ತಿರ ಹೋಗುತ್ತಾಳೆ.

ಎದುರಿನಿಂದ ಇನ್ನೊಂದು ದೋಣಿ ಬಂದರೆ ನೀರು ಎರಚುತ್ತದೆ. ಅದಕ್ಕೆ ಎರಡೂ ಬದಿಗೆ ಪ್ಲಾಸ್ಟಿಕ್ ಟಾರ್ಪಾಲು ಕಟ್ಟಿದ್ದಾರೆ. ಅಂಚಿನಲ್ಲಿ ಕೂತವರು ಹಗ್ಗ ಎಳೆದರೆ ಅದು ಮೇಲೇರುತ್ತದೆ. ಮೊದಲ ದಿನ ನಾನು ಅಂಚಿನಲ್ಲೇ ಕೂತಿದ್ದೆ. ಏನು ಮಾಡಬೇಕೆಂದು ತಿಳಿಯದೆ ಹಗ್ಗ ನೋಡುತ್ತಿದ್ದೆ. ಪಕ್ಕದ ಹೆಂಗಸು ನನ್ನ ಕೈ ಹಿಡಿದು ಹಗ್ಗದ ಮೇಲಿಟ್ಟು, ‘ಎಳಿ’ ಅಂತ ಸನ್ನೆ ಮಾಡಿದರು. ಎಳೆದೆ. ಎದುರಿನ ದೋಣಿಯ ನೀರು ಟಾರ್ಪಾಲಿಗೆ ಬಡಿದು ಕೆಳಗೆ ಹೋಯಿತು. ನಮ್ಮ ಸಾಲಿನ ನಾಲ್ಕೈದು ಜನ ಒಣಗಿಯೇ ಉಳಿದರು. ದೋಣಿ ದಾಟಿದ ಮೇಲೆ ಆ ಹೆಂಗಸು ಕೈ ಕೆಳಗೆ ಮಾಡಿ ತೋರಿಸಿದರು, ಇನ್ನು ಬಿಡು, ಗಾಳಿ ಬರಲಿ ಅಂತ. ಪ್ರತುನಾಮ್‌ನಲ್ಲಿ ದೋಣಿ ಬದಲಿಸುವ ತನಕ ನಮ್ಮ ಸಾಲಿನ ಹಗ್ಗ ನನ್ನ ಕೈಯಲ್ಲೇ ಇತ್ತು. ಆ ಹೊಣೆ ಸಿಕ್ಕಿದ್ದು ಯಾಕೋ ತುಂಬಾ ಖುಷಿಯಾಯಿತು.

ಕೊನೆಯ ಕಟ್ಟೆ ಪಾನ್ ಫಾ. ಅಲ್ಲಿ ಪೀಯ ತಮ್ಮ ಕಾಯುತ್ತಿದ್ದ. ಅವನು ಹತ್ತಿರದ ಒಂದು ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಾನೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಹಾಗಾಗಿ ನೋಡಿದ ಕೂಡಲೇ ಅವನು ನನ್ನನ್ನು ಪೀ ಅಂದ, ನಾನು ಅವನನ್ನು ನೋಂಗ್ ಅಂದೆ. ಹೊಸಬರಿಬ್ಬರು ಭೇಟಿಯಾದಾಗ ಇರುವ ಮುಜುಗರ ಅಷ್ಟರಲ್ಲೇ ಕಳೆಯಿತು. ಇಬ್ಬರೂ ನಡೆದುಕೊಂಡು ಸಾವ್ ಚಿಂಗ್ಚಾ ಹತ್ತಿರ ಬಂದೆವು. ಕೆಂಪು ಬಣ್ಣದ ಎತ್ತರದ ತೇಗದ ಕಂಬಗಳು. ಹಿಂದೆ ಇದಕ್ಕೆ ಉಯ್ಯಾಲೆ ಕಟ್ಟಿ ಬ್ರಾಹ್ಮಣ ಆಚರಣೆಯೊಂದು ನಡೆಯುತ್ತಿತ್ತು. 1935ರ ಹೊತ್ತಿಗೆ ಅದು ನಿಂತಿತು. ಪಕ್ಕದಲ್ಲೇ ದೇವಸಥಾನ್, ನಮ್ಮ ದೇವಸ್ಥಾನ. ಅಲ್ಲಿನ ಅರ್ಚಕರು ವರ್ಷಕ್ಕೊಮ್ಮೆ ತಮಿಳಿನ ತಿರುವೆಂಬಾವೈ ಸ್ತುತಿಯನ್ನು ಇವತ್ತಿಗೂ ಪಠಿಸುತ್ತಾರೆ. ಆ ಆಚರಣೆಯ ಹೆಸರೇ ತ್ರಿಯಂಪವಾಯ್.

ಅಲ್ಲಿ ಕಟ್ಟೆಯ ಮೇಲೆ ಕೂತು ಅವನು ಊರಿನ ಪೂರ್ತಿ ಹೆಸರು ಹೇಳಿದ. ಬ್ಯಾಂಕಾಕ್ ಅನ್ನುವುದು ಹೊರಗಿನವರ ಮಾತು. ಊರಿನವರಿಗೆ ಅದು ಕ್ರುಂಗ್ ತೇಪ್, ದೇವನಗರ. 1782ರಲ್ಲಿ ಮೊದಲನೇ ರಾಮ ನದಿಯ ಆಚೆ ದಡದ ಥೋನ್‌ಬುರಿಯಿಂದ ಈಚೆಗೆ ರಾಜಧಾನಿ ತಂದ. ಊರಿನ ಪೂರ್ತಿ ಹೆಸರು ಒಂದೇ ಉಸಿರಿಗೆ ಮುಗಿಯುವುದಿಲ್ಲ. ಅವನು ನಿಧಾನಕ್ಕೆ ಹೇಳುತ್ತಿದ್ದ. ನಾನು ಒಂದೊಂದೇ ಹಿಡಿಯುತ್ತಿದ್ದೆ. ಮಹಾನಕೋನ್, ಅದು ಮಹಾನಗರ. ಅಮೋನ್, ಅಮರ. ಮಹಿಂತರಾಯುತಯಾ, ಮಹೇಂದ್ರ ಮತ್ತು ಅಯೋಧ್ಯಾ. ನೋಪ್ಪರತ್, ನವರತ್ನ. ರಾಟ್ಚತಾನಿ, ರಾಜಧಾನಿ. ಬುರಿರೋಮ್, ಪುರಿ ರಮ್ಯ. ಕೊನೆಗೆ ವಿತ್ಸನುಕಮ್, ವಿಶ್ವಕರ್ಮ. ಇಂದ್ರ ಕೊಟ್ಟು ವಿಶ್ವಕರ್ಮ ಕಟ್ಟಿದ ಊರು ಅಂತ ಆ ಹೆಸರು ಮುಗಿಯುತ್ತದೆ. ನಾನು ಅರ್ಥ ಹೇಳಿದಂತೆ ಅವನ ಮುಖ ಅರಳುತ್ತಿತ್ತು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಪದಗಳನ್ನು ದೂರದ ಊರಿನವಳೊಬ್ಬಳು ತನ್ನ ಭಾಷೆಯಲ್ಲಿ ಬಿಡಿಸಿ ಹೇಳುತ್ತಿದ್ದಾಳೆ ಅಂದರೆ ಯಾರಿಗೆ ಖುಷಿಯಾಗುವುದಿಲ್ಲ?

ಊಟದ ವಿಷಯಕ್ಕೂ ಇದೇ ಪದಗಳು ನೆರವಿಗೆ ಬಂದವು. ನಾನು ಸಸ್ಯಾಹಾರಿ. ಅಲ್ಲಿ ಸಸ್ಯಾಹಾರಕ್ಕೆ ‘ಮಾಂಗ್ಸವಿರತ್’ ಅನ್ನುತ್ತಾರೆ. ಮಾಂಸ, ವಿರತಿ. ಇನ್ನೊಂದು ಪದ ‘ಜೇ’. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಬರೆದಿರುತ್ತಾರೆ. ಅದು ಚೀನೀ ಮೂಲದವರ ವ್ರತದ ಊಟ. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡ ಇಲ್ಲ. ಜೇ ಅಂದರೆ ಮೀನಿನ ಸಾಸ್ ಬೀಳುವುದಿಲ್ಲ ಅನ್ನುವ ಧೈರ್ಯ ಇರುತ್ತದೆ. ಮಾಂಗ್ಸವಿರತ್ ಅಂದಾಗ ‘ಮಾಯ್ ಸಾಯ್ ನಾಮ್ ಪ್ಲಾ’, ಮೀನಿನ ಸಾಸ್ ಹಾಕಬೇಡಿ, ಅಂತಲೂ ಸೇರಿಸಬೇಕು. ಪೀ ಇದನ್ನು ಥಾಯ್ ಲಿಪಿಯಲ್ಲಿ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಮೊದಲ ಸಾಲು “ಪೀ ಖಾ, ನೋಂಗ್ ಮಾಂಸ ತಿನ್ನುವುದಿಲ್ಲ” ಅಂತ. ಆ ಚೀಟಿ ಮಡಿಸಿ ಮಡಿಸಿ ಹರಿದಿದೆ, ಈಗಲೂ ನನ್ನ ಪರ್ಸಿನಲ್ಲಿದೆ.

ಐದನೇ ದಿನ ಒಂದು ಪದ ಕೇಳಿದೆ. ತಳ್ಳುಗಾಡಿಯಲ್ಲಿ ಪಪ್ಪಾಯಿ ಕತ್ತರಿಸುತ್ತಿದ್ದವರೊಬ್ಬರು ನನ್ನ ಕಡೆ ತೋರಿಸಿ ಪಕ್ಕದವರಿಗೆ ಏನೋ ಅಂದರು. ಅದರಲ್ಲಿ ‘ಖೇಕ್’ ಅಂತ ಬಂತು. ಇಬ್ಬರೂ ನಕ್ಕರು. ಅದೇ ಪದ ಅದಕ್ಕೂ ಮೊದಲು ಸೀಲೋಮ್ ರಸ್ತೆಯ ಮಾರಿಯಮ್ಮನ ಗುಡಿಯ ಹತ್ತಿರ ಕೇಳಿದ್ದೆ. ತಮಿಳರು ಕಟ್ಟಿದ ಗುಡಿ ಅದು. ಜನ ಅದನ್ನು ‘ವಾಟ್ ಖೇಕ್’ ಅಂತಲೇ ಕರೆಯುತ್ತಾರೆ. ರಾತ್ರಿ ಪೀಯನ್ನು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ತಟ್ಟೆ ತೊಳೆದು ಕೈ ಒರೆಸಿಕೊಂಡು ಬಂದು ಎದುರಿಗೆ ಕೂತಳು.

“ಖೇಕ್ ಅಂದರೆ ಅತಿಥಿ,” ಅಂದಳು. “ನೆಂಟರು ಬಂದರೂ ಖೇಕ್ ಬಂದರು ಅಂತೀವಿ. ಇಂಡಿಯಾದವರಿಗೆ, ಮಲಯದವರಿಗೆ, ಅರಬರಿಗೆ ಅದೇ ಪದ. ಕೆಲವರು ಏನೂ ಯೋಚಿಸದೆ ಹೇಳ್ತಾರೆ. ಕೆಲವರು ಕೀಳಾಗಿ ಹೇಳ್ತಾರೆ. ಫಾಹುರತ್ ಕಡೆ ಬಟ್ಟೆ ಅಂಗಡಿ ಇಟ್ಟಿರೋ ಸಿಖ್ಖರು ಮೂರ್ನಾಲ್ಕು ತಲೆಮಾರಿಂದ ಇಲ್ಲೇ ಇದಾರೆ. ಅವರ ಮಕ್ಕಳು ನನಗಿಂತ ಚೆನ್ನಾಗಿ ಥಾಯ್ ಮಾತಾಡ್ತಾರೆ. ಅವರೂ ಇನ್ನೂ ಖೇಕ್. ಅತಿಥಿ ಎಷ್ಟು ದಿನ ಅತಿಥಿಯಾಗಿ ಇರಬೇಕು?”

ಆಮೇಲೆ ಅವಳು ಮೈಸೂರಿನ ಮಾತು ತೆಗೆದಳು. ಹಾಸ್ಟೆಲ್ಲಿನಿಂದ ಬಸ್ ಸ್ಟಾಪಿಗೆ ನಡೆಯುವಾಗ ಹುಡುಗರು ಹಿಂದಿನಿಂದ ‘ಚೀನಾ’ ಅಂತ ಕೂಗುತ್ತಿದ್ದರಂತೆ. ಮೊದಮೊದಲು ತಿರುಗಿ ‘ಥಾಯ್ಲೆಂಡ್’ ಅನ್ನುತ್ತಿದ್ದಳಂತೆ. ಆಮೇಲೆ ಬಿಟ್ಟಳು. ಇನ್ನೂ ಕೆಟ್ಟ ಪದಗಳೂ ಇದ್ದವು. ಅವನ್ನು ಇಲ್ಲಿ ಬರೆಯಲಾರೆ. ಎರಡು ವರ್ಷ ಪಕ್ಕದ ರೂಮಿನಲ್ಲಿದ್ದೆ. ಒಟ್ಟಿಗೆ ಕಾಫಿ ಕುಡಿದಿದ್ದೇವೆ, ಪರೀಕ್ಷೆಗೆ ಓದಿದ್ದೇವೆ, ಒಂದೇ ಬಸ್ಸಿನಲ್ಲಿ ನಿಂತು ಹೋಗಿದ್ದೇವೆ. ನನಗೆ ಒಂದು ಸಲವೂ ಕೇಳಿಸಿರಲಿಲ್ಲ. ಅಥವಾ ಕೇಳಿಸಿತ್ತು, ಅದು ನನಗಲ್ಲ ಅಂತ ಕಿವಿ ಬಿಟ್ಟುಕೊಟ್ಟಿತ್ತು.

“ಯಾಕೆ ಹೇಳಲಿಲ್ಲ?” ಅಂದೆ.

“ನಿಮ್ಮನೆಯವರು ನನ್ನನ್ನ ಮಗಳೇ ಅಂತಿದ್ದರಲ್ಲ. ನಿಮ್ಮಮ್ಮ ದಿನಾ ಫೋನಿನಲ್ಲಿ ಊಟ ಆಯ್ತಾ ಅಂತ ಕೇಳ್ತಿದ್ದರು. ನಮ್ಮ ಕಡೆ ಹಾಗೇ ಕೇಳೋದು, ಕಿನ್ ಖಾವ್ ರೂ ಯಾಂಗ್ ಅಂತ. ಅನ್ನ ತಿಂದೆಯಾ ಇಲ್ವಾ ಅಂತ. ಆ ಒಂದು ಮಾತು ಕೇಳಿದ ದಿನ ಬೀದಿಯದ್ದು ಮರೆತು ಹೋಗ್ತಿತ್ತು. ನಿನಗೆ ಹೇಳಿದ್ದರೆ ನಿನಗೂ ಬೇಜಾರು.”

ನನಗೆ ಮಾತು ಹೊರಡಲಿಲ್ಲ. ನಾಚಿಕೆಯಾಯಿತು, ಅಷ್ಟೇ ನಿಜ. ಆ ರಾತ್ರಿ ಇಬ್ಬರೂ ಬಾಲ್ಕನಿಯಲ್ಲಿ ಬಹಳ ಹೊತ್ತು ಕೂತಿದ್ದೆವು. ಕೆಳಗೆ ಸೋಯ್‌ನಲ್ಲಿ ಬೈಕುಗಳು ಹೋಗುತ್ತಿದ್ದವು. ಮರುದಿನದಿಂದ ಖೇಕ್ ಅಂತ ಕೇಳಿಸಿದರೆ ನಾನು ಅವರ ಕಡೆ ತಿರುಗಿ, ಪೀ ಖಾ ಅಂತ ನಮಸ್ಕಾರ ಮಾಡಲು ಶುರು ಮಾಡಿದೆ. ಹೆಚ್ಚಿನವರು ಕೈ ಜೋಡಿಸಿ ತಿರುಗಿ ನಮಸ್ಕರಿಸಿದರು. ಪಪ್ಪಾಯಿ ಗಾಡಿಯವರು ಕೂಡ. ಅವರು ಮಾರನೆಯ ದಿನ ಎರಡು ಹೋಳು ಜಾಸ್ತಿ ಹಾಕಿದರು.

ತಮ್ಮನಿಗೆ ರಜೆ ಇದ್ದ ದಿನ ಬೆಳಗಿನ ಜಾವ ಮೂರು ಗಂಟೆಗೆ ಪಾಕ್ ಖ್ಲೋಂಗ್ ತಲಾತ್‌ಗೆ ಕರೆದೊಯ್ದ. ಹಗಲು ರಾತ್ರಿ ತೆರೆದಿರುವ ಹೂವಿನ ಮಾರ್ಕೆಟ್ಟು. ನಗರ ಮಲಗಿರುವಾಗ ಅದು ಮೈತುಂಬಿ ಎದ್ದಿರುತ್ತದೆ. ನಮ್ಮ ಕೆ.ಆರ್. ಮಾರ್ಕೆಟ್ ನೋಡಿದವರಿಗೆ ಚೆಂಡು ಹೂವಿನ ಗುಡ್ಡೆ ಹೊಸದೇನಲ್ಲ. ಆದರೆ ಮಲ್ಲಿಗೆ ಮೊಗ್ಗನ್ನು ಐಸಿನ ಜೊತೆ ಚೀಲದಲ್ಲಿ ತುಂಬಿಸಿಟ್ಟಿದ್ದನ್ನು ಮೊದಲ ಸಲ ನೋಡಿದೆ. ತಾವರೆ ಮೊಗ್ಗಿನ ಎಸಳನ್ನು ಒಂದೊಂದೇ ಒಳಕ್ಕೆ ಮಡಚಿ ಅದಕ್ಕೆ ಬೇರೆಯದೇ ಆಕಾರ ಕೊಡುತ್ತಿದ್ದ ಹುಡುಗಿಯ ಬೆರಳು ನೋಡುತ್ತಾ ನಿಂತುಬಿಟ್ಟೆ.

ಒಂದು ಅಂಗಡಿಯ ಮುಂದೆ ಬಿಳಿ, ತಿಳಿ ನೇರಳೆ ಬಣ್ಣದ ಪುಟ್ಟ ಹೂಗಳ ರಾಶಿ. ಬಗ್ಗಿ ನೋಡಿದೆ. ಎಕ್ಕದ ಹೂ! ನಮ್ಮಲ್ಲಿ ಹಾಳು ಬಿದ್ದ ಜಾಗದಲ್ಲಿ ಬೆಳೆಯುತ್ತದಲ್ಲ, ಅದೇ. ಹನುಮಂತನಿಗೆ ಹಾರ ಮಾಡುತ್ತೇವೆ, ರಥಸಪ್ತಮಿಗೆ ಎಲೆ ಇಟ್ಟುಕೊಂಡು ಸ್ನಾನ ಮಾಡುತ್ತೇವೆ. ಆದರೆ ಸಿಟ್ಟು ಬಂದಾಗ “ಎಕ್ಕುಟ್ಟಿ ಹೋಗ್ಲಿ” ಅನ್ನುವುದೂ ಇದೇ ಗಿಡದ ಮೇಲೆ. ಅಲ್ಲಿ ಅದರ ಹೆಸರು ‘ದೋಕ್ ರಕ್’. ದೋಕ್ ಅಂದರೆ ಹೂ, ರಕ್ ಅಂದರೆ ಪ್ರೀತಿ. ಮದುವೆಯ ಹಾರಕ್ಕೆ ಇದು ಬೇಕೇ ಬೇಕು. ಅಂಗಡಿಯ ಪಾ ಹೂವಿನ ನಡುವಿನ ಕಿರೀಟದಂಥ ಭಾಗವನ್ನು ಗೇಣುದ್ದಕ್ಕಿಂತ ಉದ್ದದ ಸೂಜಿಗೆ ಪೋಣಿಸುತ್ತಿದ್ದರು. ಒಂದು ಸುತ್ತು ಎಕ್ಕ, ಒಂದು ಸುತ್ತು ಮಲ್ಲಿಗೆ. ಸೂಜಿ ತುಂಬಿದ ಮೇಲೆ ಒಂದೇ ಸಲಕ್ಕೆ ದಾರಕ್ಕೆ ಇಳಿಸಿದರು. ಹೂ ಒಂದೂ ಜಾರಲಿಲ್ಲ. ನಮ್ಮೂರಿನಲ್ಲಿ ಇದಕ್ಕೆ ಹೀಗೆ ಬೈಯುತ್ತೇವೆ ಅಂತ ತಮ್ಮನಿಗೆ ಹೇಳಿದೆ. ಅವನು ಅವರಿಗೆ ಹೇಳಿದ. ಅವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಕಟ್ಟಿದ್ದ ಪುಟ್ಟ ಹಾರವೊಂದನ್ನು ನನ್ನ ಕೈಗೆ ಸಿಕ್ಕಿಸಿ, ದುಡ್ಡು ಬೇಡ ಅಂದರು. “ಊರಿಗೆ ಹೋಗಿ ಅದನ್ನ ಬೈಯಬೇಡಿ ಅಂತ ಹೇಳು ಅಂತಿದಾರೆ,” ಅಂದ ತಮ್ಮ.

ಆ ಹಾರ ಹಿಡಿದುಕೊಂಡೇ ಬೆಳಕು ಹರಿದ ಮೇಲೆ ನದಿ ದಾಟಿ ಥೋನ್‌ಬುರಿ ಕಡೆ ಹೋದೆವು. ಅರುಣನ ಹೆಸರಿನ ವಾಟ್ ಅರುಣ್ ಗೋಪುರ ಬೆಳಗಿನ ಬೆಳಕಿನಲ್ಲಿ ನಿಂತಿತ್ತು. ಅದರ ಫೋಟೋ ನೀವು ನೂರು ಕಡೆ ನೋಡಿರುತ್ತೀರಿ. ನಾವು ನಿಲ್ಲಲಿಲ್ಲ. ಅಜ್ಜಿ ಕಾಯುತ್ತಿದ್ದರು.

ಅಜ್ಜಿಯ ಮನೆ ತಲಾತ್ ಪ್ಲೂದಲ್ಲಿ. ತಲಾತ್ ಅಂದರೆ ಪೇಟೆ. ಪ್ಲೂ ಅಂದರೆ ವೀಳ್ಯದೆಲೆ. ಎಲೆಪೇಟೆ. ಹಿಂದೆ ಅಲ್ಲಿ ಸುತ್ತ ಎಲೆ ತೋಟಗಳಿದ್ದವು. ಈಗ ಎಲೆಯೂ ಇಲ್ಲ, ತೋಟವೂ ಇಲ್ಲ. ಪೇಟೆಯ ನಡುವೆ ಮಹಾಚಾಯ್‌ಗೆ ಹೋಗುವ ರೈಲು ಹಳಿ ಹಾದುಹೋಗುತ್ತದೆ. ಹಳಿಯ ಪಕ್ಕವೇ ತಿಂಡಿ ಅಂಗಡಿಗಳು. ಕುಯ್‌ಚಾಯ್ ಅನ್ನುವ ಕಡುಬಿಗೆ ಈ ಪೇಟೆ ಹೆಸರುವಾಸಿ. ಅಕ್ಕಿ ಹಿಟ್ಟಿನ ತೆಳುವಾದ ಸಿಪ್ಪೆಯೊಳಗೆ ಈರುಳ್ಳಿ ಜಾತಿಯ ಹಸಿರು ಸೊಪ್ಪು. ನಾನು ‘ಜೇ’ ಇದೆಯಾ ಅಂತ ಕೇಳಲು ಹೊರಟೆ. ತಮ್ಮ ತಡೆದ. ಜೇ ವ್ರತದವರು ಬಿಡಬೇಕಾದ ಸೊಪ್ಪುಗಳಲ್ಲಿ ಈ ಕುಯ್‌ಚಾಯ್ ಕೂಡ ಒಂದಂತೆ. ಮಾಂಗ್ಸವಿರತ್ ಅಂತ ಕೇಳಿದೆ. ಬಿಸಿ ಬಿಸಿ ಆರು ಕಡುಬು ಕಟ್ಟಿಕೊಟ್ಟರು.

ಗಲ್ಲಿಯ ಒಳಗೆ ಮರದ ಹಳೆಯ ಮನೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಪೀ ಆಗಲೇ ಬಂದು ಅಡುಗೆ ಮನೆಯಲ್ಲಿದ್ದಳು. ಅಜ್ಜಿ ಚಾಪೆಯ ಮೇಲೆ, ಒಂದು ಕಾಲು ಮಡಚಿ ಕೂತಿದ್ದರು. ಎಂಬತ್ತೆಂಟು ವರ್ಷ. ಸಣ್ಣ ದೇಹ, ಕತ್ತರಿಸಿದ ಬಿಳಿ ಕೂದಲು. ತುಟಿ ಕೆಂಪು. ಎದುರಿಗೆ ಒಂದು ತಟ್ಟೆ, ಅದರಲ್ಲಿ ನಾಲ್ಕೈದು ಪುಟ್ಟ ಡಬ್ಬಿ. ಅದನ್ನು ನೋಡಿದ್ದೇ ನನ್ನ ಕಣ್ಣು ತುಂಬಿತು. ನಮ್ಮಜ್ಜಿಯ ಕವಳದ ತಟ್ಟೆ ಹೀಗೇ ಇತ್ತು. ಹೋಳು ಮಾಡಿದ ಅಡಿಕೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ, ಅಡಕತ್ತರಿ, ಸುಣ್ಣದ ಕರಡಿಗೆ. ಪಕ್ಕದಲ್ಲಿ ಹಿತ್ತಾಳೆಯ ಒಂದು ಕೊಳವೆ, ಅದಕ್ಕೊಂದು ಕಡ್ಡಿ. ಹಲ್ಲು ಹೋದವರು ಕವಳ ಕುಟ್ಟಿಕೊಳ್ಳುವ ಕುಟ್ಟಾಣಿ. ನಮ್ಮಲ್ಲಿ ಇದ್ದದ್ದು ಕಲ್ಲಿನದು, ಅಷ್ಟೇ ವ್ಯತ್ಯಾಸ.

ಸುಣ್ಣದ ಬಣ್ಣ ಮಾತ್ರ ಬೇರೆ. ಗುಲಾಬಿ ಕೆಂಪು. ಬೆರಳಲ್ಲಿ ತೋರಿಸಿ ಕೇಳಿದೆ. ಪೂನ್ ಡೇಂಗ್, ಕೆಂಪು ಸುಣ್ಣ ಅಂದರು. ಸುಣ್ಣಕ್ಕೆ ಅರಿಶಿನ ಬೆರೆಸಿದ್ದು. ಓಕುಳಿ ನೀರು ಕೆಂಪಾಗುವುದೂ ಹಾಗೇ ಅಲ್ವಾ? ಅರಿಶಿನ, ಸುಣ್ಣ. ಪೀಗೆ ಹೇಳಿದೆ. ಆರತಿಯ ಕೆಂಪು ನೀರನ್ನು ಅವಳು ನಮ್ಮನೆಯಲ್ಲಿ ನೋಡಿದ್ದಳು. ಅವಳು ಅಜ್ಜಿಗೆ ವಿವರಿಸಿದಳು.

ಅಜ್ಜಿ ಮಾತಾಡುತ್ತಾ ಹೋದರು. ಪೀ ಕನ್ನಡ, ಇಂಗ್ಲಿಷು ಬೆರೆಸಿ ಹೇಳುತ್ತಾ ಹೋದಳು. 1940ರ ದಶಕದ ಆರಂಭದಲ್ಲಿ, ಪಿಬುನ್ ಸೊಂಗ್‌ಕ್ರಾಮ್ ಪ್ರಧಾನಿಯಾಗಿದ್ದಾಗ, ಸರ್ಕಾರ ಎಲೆ ಅಡಿಕೆ ನಿಷೇಧಿಸಿತು. ದೇಶ ಆಧುನಿಕವಾಗಿ ಕಾಣಬೇಕು ಅಂತ. ಎಲ್ಲರೂ ಟೋಪಿ ಹಾಕಬೇಕು, ಬಾಯಿ ಕೆಂಪಾಗಿರಬಾರದು. ಆಗ ಇವರಿನ್ನೂ ಪುಟ್ಟ ಮಗು. ಇವರ ಅಮ್ಮ ಅಕ್ಕಿ ಡಬ್ಬದ ಒಳಗೆ ಎಲೆ ಬಚ್ಚಿಟ್ಟು, ರಾತ್ರಿ ದೀಪ ಆರಿಸಿದ ಮೇಲೆ ಕವಳ ಹಾಕುತ್ತಿದ್ದರಂತೆ. ಕತ್ತಲಲ್ಲಿ ಅಡಕತ್ತರಿಯ ಸದ್ದು ಕೇಳಿಸದ ಹಾಗೆ ಬಟ್ಟೆ ಸುತ್ತಿ ಕತ್ತರಿಸುತ್ತಿದ್ದರಂತೆ. ನಿಷೇಧ ಹೋಯಿತು. ಆದರೆ ಚಟ ಮರಳಲಿಲ್ಲ, ಕಿರಿಯರು ಯಾರೂ ಹಾಕಲಿಲ್ಲ. ಉಳಿದದ್ದು ಹೆಸರು. ಮದುವೆಯ ದಿನ ಗಂಡಿನ ಕಡೆಯವರು ತಟ್ಟೆ ಹೊತ್ತು ಬರುವ ಮೆರವಣಿಗೆಗೆ ಇವತ್ತೂ ‘ಖನ್ ಮಾಕ್’ ಅಂತಲೇ ಹೆಸರು, ಅಡಿಕೆಯ ಬಟ್ಟಲು.

ನಾನು ಫೋನಿನಲ್ಲಿ ನಮ್ಮ ತೋಟ ತೋರಿಸಿದೆ. ಅಜ್ಜಿ ಕನ್ನಡಕ ಹಾಕಿಕೊಂಡು, ಫೋನನ್ನು ಹತ್ತಿರ ದೂರ ಮಾಡಿ ನೋಡಿದರು. ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯ ಮೇಲೆ ಬೆರಳಿಟ್ಟು ‘ಪ್ಲೂ’ ಅಂದರು. ಹೌದು, ಪ್ಲೂ ಅಂದೆ. ಮರಕ್ಕೆ ಎಷ್ಟು ವರ್ಷ, ಕೊಳೆ ರೋಗ ಬರುತ್ತದಾ, ನೀರು ಎಲ್ಲಿಂದ ಅಂತೆಲ್ಲ ಕೇಳಿದರು. ಅಪ್ಪ ಇದ್ದಿದ್ದರೆ ಮಧ್ಯಾಹ್ನದ ತನಕ ಮಾತು ಮುಗಿಯುತ್ತಿರಲಿಲ್ಲ. ಇಷ್ಟು ದೂರ ಬಂದು, ಇಷ್ಟು ಎತ್ತರದ ಕಟ್ಟಡಗಳ ನಡುವೆ, ಕೊಳೆ ರೋಗದ ಬಗ್ಗೆ ಮಾತಾಡುತ್ತೇನೆ ಅಂತ ನಾನು ಎಣಿಸಿರಲಿಲ್ಲ.

ಆಮೇಲೆ ಅಜ್ಜಿ ಒಂದು ಎಲೆ ತೆಗೆದು ಕೆಂಪು ಸುಣ್ಣ ಸವರಿ, ಸುರುಳಿ ಸುತ್ತಿ ಪೊಟ್ಟಣ ಮಾಡಿದರು. ತುದಿ ಮೇಲಕ್ಕೆ ಬಾಲದ ಹಾಗೆ ನಿಂತಿತ್ತು. ಇನ್ನೊಂದು ಎಲೆಯನ್ನು ನನ್ನ ಕಡೆ ಸರಿಸಿದರು, ನೀನು ಮಾಡು ಅಂತ. ನಾನು ದಿನಾ ಕವಳ ಹಾಕುವವಳಲ್ಲ. ಆದರೂ ಕೈಗೆ ನೆನಪಿತ್ತು. ತೊಟ್ಟು ಮುರಿದೆ. ತುದಿ ಚಿವುಟಿದೆ. ಎಲೆಯ ಬೆನ್ನು ತಿರುಗಿಸಿ ನಾರು ಉದ್ದಕ್ಕೆ ಎಳೆದು ತೆಗೆದೆ. ಸುಣ್ಣವನ್ನು ಬೆರಳ ತುದಿಯಲ್ಲಿ ತೆಳ್ಳಗೆ ಸವರಿ, ಅಡಿಕೆ ಹೋಳು ಇಟ್ಟು, ನಮ್ಮಜ್ಜಿ ಮಡಚುತ್ತಿದ್ದ ಹಾಗೆ ಮೂರು ಮಡಿಕೆ ಮಾಡಿ ಎರಡೂ ಕೈಯಲ್ಲಿ ಅವರಿಗೆ ಕೊಟ್ಟೆ.

ಅವರು ಅದನ್ನು ತಕ್ಷಣ ಕುಟ್ಟಾಣಿಗೆ ಹಾಕಲಿಲ್ಲ. ತಿರುಗಿಸಿ ತಿರುಗಿಸಿ ಮಡಿಕೆ ನೋಡಿದರು. ನನ್ನ ಮುಖ ನೋಡುತ್ತಾ ಏನೋ ಕೇಳಿದರು. ಪೀ ಅಡುಗೆ ಮನೆಯಿಂದ ಇಣುಕಿದಳು. ಅವಳು ಬಾಯಿ ತೆರೆಯುವ ಮೊದಲೇ ತಮ್ಮ ಅಂದ, “ಇದನ್ನ ನಿನಗೆ ಯಾರು ಕಲಿಸಿದ್ದು ಅಂತ ಕೇಳ್ತಿದಾರೆ.”

“ಯಾಯ್,” ಅಂದೆ.